ಎರಡೇ ರ್ಯಾಮ್ ಸ್ಲಾಟಿಗೆ ಅಷ್ಟು ಬೆಲೆ ಏಕೆ?

ಪ್ರಶ್ನೆ: ನನ್ನಲ್ಲಿ ಇಂಟೆಲ್ ಕೋರ್ ಐ7-14700ಕೆ ಪ್ರೊಸೆಸರ್ ಇದೆ. ವಿಡಿಯೊ ಎಡಿಟಿಂಗ್ ನನ್ನ ಮುಖ್ಯ ಕೆಲಸ, ಬಿಡುವಿದ್ದಾಗ ಗೇಮಿಂಗ್. ಓವರ್‌ಕ್ಲಾಕಿಂಗ್ (ಪ್ರೊಸೆಸರ್, ರ್ಯಾಮುಗಳನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು) ಕಲಿಯಲು ಏಸಸ್‌ನ ಆರ್‌ಒಜಿ ಮ್ಯಾಕ್ಸಿಮಸ್ ಜೆಡ್790 ಏಪೆಕ್ಸ್ ಮದರ್‌ಬೋರ್ಡ್ ಕೊಳ್ಳಬೇಕೆಂದಿದ್ದೇನೆ. ಅಗ್ಗದ ಬೋರ್ಡುಗಳಲ್ಲಿ ನಾಲ್ಕು ರ್ಯಾಮ್ ಸ್ಲಾಟ್ ಇರುವಾಗ ಇದರಲ್ಲಿ ಎರಡೇ ಏಕೆ? ‘24+0 ಪವರ್ ಸ್ಟೇಜ್’ ಎಂದರೇನು? ಇದರಿಂದ ನನಗೆ ಲಾಭವಿದೆಯೇ?
– ಕಲಬುರಗಿಯ ಓದುಗರು

ಉತ್ತರ: ನೀವು ಕೊರತೆ ಎಂದುಕೊಂಡಿರುವ ಎರಡು ಸ್ಲಾಟುಗಳೇ ಈ ಬೋರ್ಡಿನ ನಿಜವಾದ ಬಂಡವಾಳ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರತಿ ಚಾನೆಲ್ಲಿನ (ಪ್ರೊಸೆಸರ್ ಮತ್ತು ರ್ಯಾಮ್ ನಡುವಿನ ದತ್ತಾಂಶದ ದಾರಿ) ತಾಮ್ರದ ಗೆರೆಗಳು ಒಂದು ಸ್ಲಾಟನ್ನು ಹಾದು ಇನ್ನೊಂದಕ್ಕೆ ಹೋಗುತ್ತವೆ. ಖಾಲಿ ಬಿಟ್ಟ ಸ್ಲಾಟು ಸುಮ್ಮನಿರುವುದಿಲ್ಲ. ಬಾವಿಯೊಳಗೆ ಕೂಗಿದ ದನಿ ಮರಳಿ ಬರುವಂತೆ ಸಂಕೇತದ ಒಂದು ಪಾಲು ಅಲ್ಲಿಂದ ಪ್ರತಿಫಲಿಸಿ ಮುಂದಿನ ಸಂಕೇತದೊಂದಿಗೆ ಬೆರೆಯುತ್ತದೆ. ನಿಮ್ಮ ಪ್ರೊಸೆಸರಿಗೆ ಇಂಟೆಲ್ ಅಧಿಕೃತವಾಗಿ ಹೇಳಿರುವ ಗರಿಷ್ಠ ವೇಗವಾದ ಡಿಡಿಆರ್5-5600ರಲ್ಲಿ (ಸೆಕೆಂಡಿಗೆ 5,600 ಮಿಲಿಯನ್ ವರ್ಗಾವಣೆ) ಇದು ಬಾಧಿಸದಿದ್ದರೂ, 7,000ವನ್ನು ದಾಟಿದ ಮೇಲೆ ಆ ಸಣ್ಣ ಪ್ರತಿಧ್ವನಿಯೇ ದೋಷಗಳಿಗೆ ಕಾರಣವಾಗತೊಡಗುತ್ತದೆ. ಚಾನೆಲ್ಲಿಗೊಂದೇ ಸ್ಲಾಟ್ ಇಟ್ಟರೆ ಗೆರೆಗಳು ಗಿಡ್ಡವಾಗುತ್ತವೆ, ಕವಲೂ ಉಳಿಯುವುದಿಲ್ಲ. 48 ಜಿಬಿಯ ಎರಡು ರ್ಯಾಮ್ ಹಾಕಿದರೆ 96 ಜಿಬಿ ಸಿಗುವುದರಿಂದ ಎಡಿಟಿಂಗಿಗೂ ಜಾಗ ಸಾಕು.

ಪವರ್ ಸ್ಟೇಜ್ ಎಂದರೆ ಪವರ್ ಸಪ್ಲೈನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಸುಮಾರು 1.2 ವೋಲ್ಟಿಗೆ ಇಳಿಸುವ ಬಿಡಿಭಾಗ. ನಿಮ್ಮ ಪ್ರೊಸೆಸರಿನ ಗರಿಷ್ಠ ಟರ್ಬೊ ವಿದ್ಯುತ್ ಮಿತಿ 253 ವ್ಯಾಟ್, ಅಂದರೆ ಹತ್ತಿರ ಹತ್ತಿರ 210 ಆಂಪಿಯರ್. ಅದನ್ನು 24 ಸ್ಟೇಜುಗಳು ಹಂಚಿಕೊಂಡರೆ ತಲಾ 9 ಆಂಪಿಯರ್ ಕೂಡ ಬೀಳುವುದಿಲ್ಲ. ಇಲ್ಲಿನ ಒಂದೊಂದು ಸ್ಟೇಜಿನ ಸಾಮರ್ಥ್ಯವೋ 105 ಆಂಪಿಯರ್! ಸಾಮಾನ್ಯ ಕೂಲರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇಷ್ಟು ದೊಡ್ಡ ಪಡೆ ಬೇಕಿಲ್ಲ.

ಹಾಗಾದರೆ ಯಾರಿಗೆ ಬೇಕು? ಪ್ರೊಸೆಸರಿನ ಮೇಲೆ ತಾಮ್ರದ ಪಾತ್ರೆಯಿಟ್ಟು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸುರಿಯುವವರಿಗೆ. 2022ರ ಡಿಸೆಂಬರಿನಲ್ಲಿ ಕೋರ್ ಐ9-13900ಕೆ ಮೊದಲ ಬಾರಿಗೆ 9 ಗಿಗಾಹರ್ಟ್ಸ್ ದಾಟಿದ್ದು ಇದೇ ಮಾದರಿಯ ಬೋರ್ಡಿನ ಮೇಲೆ, ಅದೂ ಇನ್ನೂ ತಣ್ಣಗಿನ ದ್ರವ ಹೀಲಿಯಂ ಸುರಿದು. ಅತಿ ಶೀತದಲ್ಲಿ ಚಾಲೂ ಆಗಲು ಹಠ ಮಾಡುವ ಪ್ರೊಸೆಸರಿಗೆ ಎಲ್‌ಎನ್2 (ದ್ರವ ಸಾರಜನಕ) ಮೋಡ್, ಎರಡು ಪರೀಕ್ಷೆಗಳ ನಡುವೆ ವೇಗವನ್ನು ಥಟ್ಟನೆ ತಗ್ಗಿಸಲು ಸ್ಲೋ ಮೋಡ್, ಮಲ್ಟಿಮೀಟರ್ ಮುಟ್ಟಿಸಿ ವೋಲ್ಟೇಜ್ ಅಳೆಯುವ ಬಿಂದುಗಳು – ಇಂಥವೆಲ್ಲ ಅವರಿಗಾಗಿ ಇಟ್ಟವು. ಎರಡಂಕಿಯ ದೋಷಸೂಚಕ ಪರದೆ ಮಾತ್ರ ಕಲಿಯುವವರಿಗೂ ಉಪಯುಕ್ತ, ಆದರೆ ಅದು ಬೇರೆ ಬೋರ್ಡುಗಳಲ್ಲೂ ಸಿಗುತ್ತದೆ.

‘24+0’ರಲ್ಲಿನ ಆ ಸೊನ್ನೆಯ ಕಡೆಗೆ ನೀವು ಹೆಚ್ಚು ಗಮನ ಕೊಡಬೇಕು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಈ ಬೋರ್ಡ್ ವಿದ್ಯುತ್ತನ್ನೇ ಕೊಡುವುದಿಲ್ಲ, ಹಿಂಬದಿಯಲ್ಲಿ ಮಾನಿಟರ್ ಜೋಡಿಸುವ ಕಿಂಡಿಯೂ ಇಲ್ಲ. ಆ ಭಾಗ ಮಲಗಿದರೆ ಸಂಕುಚಿತ ವಿಡಿಯೊವನ್ನು ವೇಗವಾಗಿ ಬಿಡಿಸುವ ಇಂಟೆಲ್ ಕ್ವಿಕ್ ಸಿಂಕ್ ಸೌಲಭ್ಯವೂ ಇಲ್ಲವಾಗುತ್ತದೆ. ಹಲವು ಕ್ಯಾಮೆರಾಗಳು ಕೊಡುವ 10 ಬಿಟ್, 4:2:2 ಮಾದರಿಯ (ಬಣ್ಣದ ವಿವರ ಹೆಚ್ಚಿರುವ) ಎಚ್.265 ದೃಶ್ಯಗಳನ್ನು ಟೈಮ್‌ಲೈನಿನಲ್ಲಿ ತಡವರಿಸದೆ ಓಡಿಸುವುದು ಅದೇ. ಎನ್‌ವಿಡಿಯಾದ 40 ಸರಣಿಯವರೆಗಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಈ ಸಾಮರ್ಥ್ಯ ಇರಲಿಲ್ಲ. ಎಡಿಟಿಂಗೇ ಮುಖ್ಯ ಕೆಲಸವಾದ ನಿಮಗೆ, ಹೆಚ್ಚು ಹಣ ಕೊಟ್ಟು ಕೈಯಲ್ಲಿದ್ದ ಅನುಕೂಲವನ್ನು ಕಳೆದುಕೊಂಡಂತಾದೀತು.

ಲಾಭದ ಲೆಕ್ಕವೂ ಸಣ್ಣದೇ. ಕಾರ್ಖಾನೆಯಿಂದಲೇ 5.6 ಗಿಗಾಹರ್ಟ್ಸ್ ಮುಟ್ಟುವ ಪ್ರೊಸೆಸರನ್ನು 5.8ಕ್ಕೆ ಏರಿಸಿದರೆ ಗಡಿಯಾರದ ವೇಗ ಹೆಚ್ಚುವುದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಗಾಳಿಯದಾಗಲಿ ನೀರಿನದಾಗಲಿ, ಸಾಮಾನ್ಯ ಕೂಲರ್ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಸಲಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮೂರಿನಲ್ಲಿ ಆ 5.8 ಕೂಡ ಸುಲಭವಲ್ಲ.

ಆದ್ದರಿಂದ ಮಾನಿಟರ್ ಕಿಂಡಿಯಿರುವ, 16 ಸ್ಟೇಜಿನ ಆಸುಪಾಸಿನ ಯಾವುದಾದರೂ ಜೆಡ್790 ಬೋರ್ಡ್ ಕೊಂಡು ಎರಡೇ ರ್ಯಾಮ್ ಹಾಕಿಕೊಳ್ಳಿ. ಬಿ760 ಚಿಪ್‌ಸೆಟ್ ಬೇಡ, ಅದರಲ್ಲಿ ಪ್ರೊಸೆಸರಿನ ವೇಗ ನಿರ್ಧರಿಸುವ ಗುಣಕವನ್ನು ಏರಿಸಲು ಬರುವುದಿಲ್ಲ. ಕಲಿಕೆಯನ್ನು ರ್ಯಾಮಿನ ವೇಗ ಮತ್ತು ಟೈಮಿಂಗಿನಿಂದ (ಅದು ಪ್ರತಿಕ್ರಿಯಿಸಲು ಹಿಡಿಯುವ ಕಾಲ) ಆರಂಭಿಸಿ. ಪ್ರತಿ ಬದಲಾವಣೆಯ ನಂತರ ಹಲವು ಗಂಟೆ ಮೆಮೊರಿ ಪರೀಕ್ಷೆ ಓಡಿಸದೆ ಗಿರಾಕಿಯ ಕೆಲಸಕ್ಕೆ ಕೈಹಾಕಬೇಡಿ. ಅದಕ್ಕೂ ಮೊದಲು ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್ ನವೀಕರಿಸಿ. 13 ಮತ್ತು 14ನೇ ಪೀಳಿಗೆಯ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದುದಕ್ಕೆ ಇಂಟೆಲ್ 2024ರಲ್ಲಿ ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ಮೂಲ ಸೂಚನೆಗಳು) ತಿದ್ದುಪಡಿಗಳನ್ನು ಹೊರತಂದಿತು. ಅವು ನಿಮ್ಮ ಯಂತ್ರಕ್ಕೆ ತಲುಪುವುದು ಬಯಾಸ್ ಮೂಲಕವೇ.