ಮಗನನ್ನು ಮನೆಯಲ್ಲೇ ಓದಿಸಿ ಕಾಲೇಜಿಗೆ ಕಳಿಸಬಹುದಾ? ಡಲ್ಲಾಸ್‌ಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ನಿಮ್ಮ ಪ್ರಶ್ನೆ ಓದಿದೆ. ಡಲ್ಲಾಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಮಗನಿಗೆ ಹದಿನಾಲ್ಕು, ಇಲ್ಲಿನ ಶಾಲೆ ಅವನಿಗೆ ಒಗ್ಗುತ್ತಿಲ್ಲ. ಯಜಮಾನರ ಪ್ರಾಜೆಕ್ಟ್ ಮುಗಿದರೆ ಬೇರೆ ಊರಿಗೆ ಗಂಟುಮೂಟೆ ಕಟ್ಟಬೇಕಾಗಬಹುದು. ಹಾಗಾಗಿ ಒಂಬತ್ತನೇ ಕ್ಲಾಸಿನಿಂದ ಮನೆಯಲ್ಲೇ ಓದಿಸೋಣ ಅಂದುಕೊಂಡಿದ್ದೀರಿ. ಕಾನೂನು ಒಪ್ಪುತ್ತದಾ, ಮಾರ್ಕ್ಸ್ ಕಾರ್ಡ್ ಯಾರು ಕೊಡುತ್ತಾರೆ, ಕಾಲೇಜಿನವರು ಸೇರಿಸಿಕೊಳ್ಳುತ್ತಾರಾ, ನಾಳೆ ಇಂಡಿಯಾಕ್ಕೆ ವಾಪಸ್ ಹೋದರೆ ಏನು ಗತಿ ಅಂತ ಕೇಳಿದ್ದೀರಿ. ಅಕ್ಕಾ ಅಂತ ಕರೆದಿದ್ದೀರಲ್ಲ, ಆ ಸಲುಗೆಯಲ್ಲೇ ಬರೆಯುತ್ತೇನೆ.

ನಾವು ಪೆನ್ಸಿಲ್ವೇನಿಯಾಕ್ಕೆ ಬಂದಾಗ ನಮ್ಮ ಮಗಳಿಗೂ ಹೆಚ್ಚುಕಡಿಮೆ ಇದೇ ವಯಸ್ಸು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ಹುಡುಗಿಯನ್ನು ಶಾಲೆಯವರು ಇಂಗ್ಲಿಷ್ ಬಾರದ ಮಕ್ಕಳ ಕ್ಲಾಸಿಗೆ ಹಾಕಿದರು. ಗಣಿತದಲ್ಲಿ ಊರಲ್ಲಿ ಕಲಿತು ಮುಗಿಸಿದ್ದನ್ನೇ ಮತ್ತೆ ಹೇಳಿಕೊಡುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬಿ ಹಿಡಿದುಕೊಂಡು ಒಬ್ಬಳೇ ಲೈಬ್ರರಿಯ ಮೂಲೆಗೆ ಹೋಗಿ ಕೂರುತ್ತಿದ್ದಳಂತೆ. ಅದು ನಮಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಹೈಸ್ಕೂಲು ಮನೆಯಲ್ಲೇ ಅಂತ ತೀರ್ಮಾನ ಮಾಡಿ ಊರಿಗೆ ಫೋನ್ ಮಾಡಿದಾಗ ಮಾವನವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಹೆಡ್‌ಮೇಷ್ಟ್ರಾಗಿ ರಿಟೈರ್ ಆದವರು ಅವರು. "ಶಾಲೆ ಬಿಡಿಸಿಬಿಟ್ರಾ?" ಅಂದರು, ಅಷ್ಟೆ. ನಿಮ್ಮ ಮನೆಯಿಂದಲೂ ಈ ಮಾತು ಬಂದೇ ಬರುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡಿರಿ.

ಕಾನೂನಿನ ಬಗ್ಗೆ ಹೆದರಬೇಡಿ. ಅಮೆರಿಕದ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್‌ಗೆ ಅವಕಾಶ ಇದೆ. ಅದರಲ್ಲೂ ಟೆಕ್ಸಸ್ ತುಂಬಾ ಸಡಿಲ. ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲೇ ಇದನ್ನು ಖಾಸಗಿ ಶಾಲೆಯ ಲೆಕ್ಕಕ್ಕೆ ಸೇರಿಸಿದೆ. ಓದು, ಸ್ಪೆಲಿಂಗ್, ವ್ಯಾಕರಣ, ಗಣಿತ, ಒಳ್ಳೆಯ ನಾಗರಿಕನಾಗುವ ಪಾಠ, ಇಷ್ಟು ಇರಬೇಕು. ಆದರೆ ಮಗ ಈಗ ಶಾಲೆಯಲ್ಲಿ ಇದ್ದಾನಲ್ಲ, ಬಿಡಿಸುತ್ತಿದ್ದೇವೆ ಅಂತ ಬರವಣಿಗೆಯಲ್ಲಿ ಕೊಡದೆ ಸುಮ್ನೆ ಕಳಿಸುವುದನ್ನು ನಿಲ್ಲಿಸಬೇಡಿ. ಗೈರುಹಾಜರಿ ಅಂತ ನೋಟಿಸ್ ಬರುತ್ತದೆ. ಇನ್ನೊಂದು, ಮುಂದೆ ಬೇರೆ ರಾಜ್ಯಕ್ಕೆ ಹೋದರೆ ನಿಯಮ ಪೂರ್ತಿ ಬದಲಾಗುತ್ತದೆ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಪ್ರತಿ ವರ್ಷ ಅಫಿಡವಿಟ್ ಕೊಡಬೇಕು, ಮಗು ಮಾಡಿದ್ದನ್ನೆಲ್ಲ ಫೈಲ್ ಮಾಡಿ ಇಟ್ಟು ಹೊರಗಿನ ಒಬ್ಬರಿಗೆ ತೋರಿಸಿ ಸರ್ಟಿಫಿಕೇಟ್ ಪಡೆಯಬೇಕು. ನ್ಯೂಯಾರ್ಕ್‌ನಲ್ಲಂತೂ ಮೂರು ತಿಂಗಳಿಗೊಮ್ಮೆ ವರದಿ. ಆದ್ದರಿಂದ ಟೆಕ್ಸಸ್ ಕೇಳದಿದ್ದರೂ ದಾಖಲೆ ಇಡಿ. ಪುಸ್ತಕದ ಹೆಸರು, ಪ್ರಬಂಧಗಳು, ಲ್ಯಾಬ್ ನೋಟ್‌ಬುಕ್, ಎಲ್ಲಕ್ಕೂ ತಾರೀಕು ಹಾಕಿ.

ಮಾರ್ಕ್ಸ್ ಕಾರ್ಡ್ ಕೊಡುವವರು ನೀವೇ. ಎಸ್ಸೆಸ್ಸೆಲ್ಸಿ ಬೋರ್ಡ್ ನೋಡಿ ಬೆಳೆದ ನಮಗೆ ಇದು ನಂಬಲಿಕ್ಕೇ ಆಗುವುದಿಲ್ಲ, ಅಲ್ವಾ? ಆದರೆ ಇಲ್ಲಿ ಹಾಗೇ. ಟ್ರಾನ್ಸ್‌ಕ್ರಿಪ್ಟ್ ಅಂದರೆ ಒಂದೇ ಹಾಳೆ. ನಾಲ್ಕು ವರ್ಷದ ವಿಷಯಗಳು, ಕ್ರೆಡಿಟ್, ಗ್ರೇಡು, 4ರ ಲೆಕ್ಕದಲ್ಲಿ ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ), ಕೆಳಗೆ ನಿಮ್ಮ ಸಹಿ. ಸುಮಾರು 120 ಗಂಟೆಯಿಂದ ಮೇಲೆ ಓದಿದರೆ ಒಂದು ಕ್ರೆಡಿಟ್ ಅಂತ ಹಿಡಿಯಿರಿ. ಪ್ರತಿ ವಿಷಯಕ್ಕೂ ನಾಲ್ಕು ಸಾಲಿನ ವಿವರ ಬೇರೆಯಾಗಿ ಬರೆದಿಡಿ. ವರ್ಷ ಮುಗಿದ ವಾರವೇ ಬರೆಯಿರಿ, ಆಮೇಲೆ ನೆನಪಿರುವುದಿಲ್ಲ. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯ. ಆ ಹೆಸರನ್ನು ವಿಷಯದ ಮುಂದೆ ಹಾಕಬೇಕಾದರೆ, ಅದರ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ನಿಮ್ಮ ಪಠ್ಯಕ್ರಮವನ್ನು ಒಪ್ಪಿರಬೇಕು. ಇಲ್ಲದಿದ್ದರೆ ಬರೀ ಕೆಮಿಸ್ಟ್ರಿ ಅಂತ ಬರೆದು ಪರೀಕ್ಷೆ ಮಾತ್ರ ಬರೆಸಿ.

ಕನ್ನಡವನ್ನೂ ಒಂದು ವಿಷಯವಾಗಿ ಸೇರಿಸಿ. ಕಾಲೇಜುಗಳು ಸಾಮಾನ್ಯವಾಗಿ ಇಂಗ್ಲಿಷ್ ಅಲ್ಲದೆ ಇನ್ನೊಂದು ಭಾಷೆಯನ್ನು ಎರಡು ವರ್ಷವಾದರೂ ಓದಿರಬೇಕು ಅನ್ನುತ್ತವೆ. ನಮ್ಮ ಮಗಳಿಗೆ ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಕನ್ನಡ ಪಾಠ ಹೇಳಿದ್ದು ಅದೇ ಮಾವನವರು. ಒತ್ತಕ್ಷರ ತಪ್ಪಿದರೆ ಹತ್ತು ಸಲ ಬರೆಸುತ್ತಿದ್ದರು. ಶಾಲೆ ಬಿಡಿಸಿದ ಸಿಟ್ಟು ಅಲ್ಲಿ ಕರಗಿತು ಅಂತ ನನ್ನ ಅನಿಸಿಕೆ. ಆದರೆ ಕಾಲೇಜಿನವರು ಪುರಾವೆ ಕೇಳಿದರೆ ಅಂತ ಜೊತೆಗೆ ಸ್ಪ್ಯಾನಿಶ್ ಕೂಡ ಹೊರಗೆ ಕಲಿಸಿದೆವು.

ಪರೀಕ್ಷೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎಸ್‌ಎಟಿ ಅಂದರೆ ಕಾಲೇಜು ಪ್ರವೇಶಕ್ಕೆ ನೋಡುವ ಪರೀಕ್ಷೆ, ಈಗ ಕಂಪ್ಯೂಟರ್‌ನಲ್ಲೇ, 1600ಕ್ಕೆ, ನೀವೇ ನೇರವಾಗಿ ನೋಂದಾಯಿಸಬಹುದು. ಬೇಕಾಗಿಲ್ಲ ಅನ್ನುವ ಕಾಲೇಜುಗಳಿಗೂ ಅಂಕ ಕಳಿಸಿ. ಮನೆಯಲ್ಲಿ ನೀವು ಕೊಟ್ಟ ಗ್ರೇಡಿಗೆ ಅದೇ ಆಧಾರ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ 2024ರಲ್ಲಿ ಅಂಕ ಕಡ್ಡಾಯ ಅಂತ ಮತ್ತೆ ಹೇಳಿತು, ಎಂಐಟಿ 2022ರಲ್ಲೇ ಹೇಳಿತ್ತು. ಅಕ್ಟೋಬರ್‌ನ ಪಿಎಸ್‌ಎಟಿ (ಎಸ್‌ಎಟಿಗೆ ಮುಂಚಿನ ಅಭ್ಯಾಸ ಪರೀಕ್ಷೆ) ಮತ್ತು ಮೇ ತಿಂಗಳ ಎಪಿ ಪರೀಕ್ಷೆಗಳಿಗೆ ಮಾತ್ರ ಹತ್ತಿರದ ಯಾವುದಾದರೂ ಹೈಸ್ಕೂಲು ನಿಮ್ಮ ಮಗನಿಗೆ ಜಾಗ ಕೊಡಬೇಕು. ಎಲ್ಲರೂ ಕೊಡುವುದಿಲ್ಲ. ಪಿಎಸ್‌ಎಟಿಗೆ ಬೇಸಿಗೆ ರಜೆಗೆ ಮುಂಚೆ, ಎಪಿಗೆ ಶಾಲೆ ಶುರುವಾದ ಕೂಡಲೇ ಫೋನ್ ಮಾಡಿ ಕೇಳಿ.

ಈಗ ನೀವು ಕೇಳದೇ ಇದ್ದ ವಿಷಯಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ.

ಕಾಮನ್ ಆ್ಯಪ್ ಅಂತ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಒಂದು ಆನ್‌ಲೈನ್ ಅರ್ಜಿ ಇದೆ, ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ಶಾಲೆಯ ಕೌನ್ಸೆಲರ್ ತುಂಬಬೇಕಾದ ಭಾಗವನ್ನು ನಮ್ಮಂಥವರ ಮನೆಯಲ್ಲಿ ಅಪ್ಪನೋ ಅಮ್ಮನೋ ತುಂಬುತ್ತಾರೆ. ಆದರೆ ಹೆಸರು ಮಾಡಿದ ಕಾಲೇಜುಗಳು ಜೊತೆಗೆ ಪಾಠ ಹೇಳಿದ ಒಬ್ಬರದೋ ಇಬ್ಬರದೋ ಪತ್ರ ಕೇಳುತ್ತವೆ. ಅದನ್ನು ಮನೆಯವರು ಬರೆದರೆ ನಡೆಯುವುದಿಲ್ಲ.

ನಮ್ಮಲ್ಲಿ ಗಣಿತ ಅವರಪ್ಪ ಹೇಳಿಕೊಟ್ಟರು, ಇಂಗ್ಲಿಷ್ ಮತ್ತು ಇತಿಹಾಸ ನಾನು. ಹೊರಗೆ ಓದಿದ್ದರಲ್ಲಿ ಮುಖ್ಯವಾದದ್ದು ಕಮ್ಯುನಿಟಿ ಕಾಲೇಜಿನ (ಊರಿನ ಎರಡು ವರ್ಷದ ಸರ್ಕಾರಿ ಕಾಲೇಜು) ಬಯಾಲಜಿ. ಮನೆಯಲ್ಲಿ ಲ್ಯಾಬ್ ಮಾಡುವುದು ಕಷ್ಟ ಅಂತ ಸೇರಿಸಿದ್ದೆವು. ಅದರಲ್ಲಿ ಎ ಗ್ರೇಡು ಬಂತು. ಹನ್ನೆರಡನೇ ಕ್ಲಾಸಿನ ಸೆಪ್ಟೆಂಬರ್‌ನಲ್ಲಿ ಆ ಟೀಚರ್ ಹತ್ತಿರ ಪತ್ರ ಕೇಳಲು ಮಗಳು ಹೋದಳು. ನಾನು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದೆ. ಐದು ನಿಮಿಷಕ್ಕೇ ವಾಪಸ್ ಬಂದಳು. ಬಾಗಿಲು ಹಾಕಿಕೊಂಡು, ಬೆಲ್ಟ್ ಕೂಡ ಹಾಕದೆ, ಮಡಿಲಲ್ಲಿ ಫೈಲ್ ಇಟ್ಟುಕೊಂಡು ಕೂತಳು. ಟೀಚರ್ ಕೋಪದಲ್ಲೇನೂ ಹೇಳಿರಲಿಲ್ಲ. "ನಿನ್ನ ಮಾರ್ಕ್ಸ್ ನನಗೆ ನೆನಪಿದೆ. ಆದರೆ ನಿನ್ನ ಪರಿಚಯವೇ ಇಲ್ಲವಲ್ಲ, ಏನಂತ ಬರೆಯಲಿ?" ಅಂದಿದ್ದರು.

ಇಲ್ಲಿನ ಕಾಲೇಜುಗಳಲ್ಲಿ ಟೀಚರ್ ಸಾಮಾನ್ಯವಾಗಿ ವಾರದಲ್ಲಿ ಕೆಲವು ಗಂಟೆ ತಮ್ಮ ಕೋಣೆಯಲ್ಲಿ ಮಕ್ಕಳಿಗೋಸ್ಕರವೇ ಕೂತಿರುತ್ತಾರೆ. ಆಫೀಸ್ ಅವರ್ಸ್ ಅನ್ನುತ್ತಾರೆ. ಡೌಟ್ ಇದ್ದವರಷ್ಟೇ ಅಲ್ಲ, ಇಲ್ಲದವರೂ ಹೋಗಿ ಮಾತಾಡಿ ಬರುತ್ತಾರೆ. ನಮ್ಮ ಹುಡುಗಿ ಒಂದು ಸಲವೂ ಹೋಗಿರಲಿಲ್ಲ. ಹೋಗುವ ಬುದ್ಧಿ ಅವಳಿಗೆ ಎಲ್ಲಿಂದ ಬರಬೇಕು ಹೇಳಿ? ಟೀಚರ್‌ಗೆ ತೊಂದರೆ ಕೊಡಬಾರದು, ಕೇಳಿದಾಗ ಮಾತ್ರ ಉತ್ತರ ಹೇಳಬೇಕು, ಎದುರು ಮಾತಾಡಬಾರದು. ನೀವೂ ನಿಮ್ಮ ಮಗನನ್ನು ಹೀಗೇ ಬೆಳೆಸಿರುತ್ತೀರಿ. ಊರಲ್ಲಿ ಅದು ಒಳ್ಳೆಯ ಗುಣ, ಯಾಕೆಂದರೆ ಅಲ್ಲಿ ಮೇಷ್ಟ್ರಿಗೆ ಎಲ್ಲ ಮೊದಲೇ ಗೊತ್ತಿರುತ್ತದೆ. ಯಾರ ಮನೆ ಹುಡುಗಿ, ಯಾವುದರಲ್ಲಿ ಚುರುಕು, ಮನೆಯಲ್ಲಿ ಏನು ತೊಂದರೆ, ಎಲ್ಲ. ಎದುರುಮನೆಯವರಿಗೂ ಗೊತ್ತು, ಬಸ್ ಕಂಡಕ್ಟರ್‌ಗೂ ಗೊತ್ತು. ಆ ಊರಿನ ನೆನಪು ನನಗೆ ತುಂಬಾ ಕಾಡುವುದು ಇಂಥ ಹೊತ್ತಿನಲ್ಲೇ. ಇಲ್ಲಿ ಮನೆಯ ಬಾಗಿಲು ಹಾಕಿಕೊಂಡು ಓದುವ ಮಗು ಎಷ್ಟೇ ಜಾಣೆಯಾಗಿದ್ದರೂ ಹಾಗೊಬ್ಬಳು ಇದ್ದಾಳೆ ಅಂತ ಪಕ್ಕದ ರಸ್ತೆಯವರಿಗೂ ತಿಳಿಯುವುದಿಲ್ಲ.

ಆ ಟೀಚರ್ ದೊಡ್ಡ ಮನಸ್ಸಿನವರು. ಮಂಗಳವಾರ ಮಧ್ಯಾಹ್ನ ಬಾ, ಮಾತಾಡೋಣ ಅಂದರು. ಮೊದಲ ಸಲ ಹೋದಾಗ ಏನು ಕೇಳಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದಳು. ಆಮೇಲಾಮೇಲೆ ಮುಂದಿನ ಬ್ಯಾಚಿನ ಲ್ಯಾಬ್‌ಗೆ ಸ್ಲೈಡ್ ಜೋಡಿಸಿಕೊಡುತ್ತಾ ಅಲ್ಲೇ ನಿಂತು ಮಾತಾಡುವಷ್ಟು ಸಲುಗೆ ಬಂತು. ಪತ್ರ ಡಿಸೆಂಬರ್‌ನಲ್ಲಿ ಬಂತು. ಅಷ್ಟರಲ್ಲಿ ಅರ್ಜಿ ಹಾಕುವ ನವೆಂಬರ್ 1ರ ಮೊದಲ ಸುತ್ತು ಮುಗಿದಿತ್ತು. ಅವಳು ಆಸೆಪಟ್ಟಿದ್ದ ಕಾಲೇಜಿಗೆ ಜನವರಿಯ ಸುತ್ತಿನಲ್ಲಿ ಹಾಕಿದೆವು, ಸಿಗಲಿಲ್ಲ. ಮೊದಲ ಸುತ್ತಿನಲ್ಲಿ ಹಾಕಿದ್ದರೆ ಸಿಕ್ಕೇಬಿಡುತ್ತಿತ್ತು ಅಂತ ಹೇಳಲು ಬರುವುದಿಲ್ಲ. ಆದರೂ ಆ ಕೊರಗು ನನ್ನಲ್ಲಿ ಉಳಿದಿದೆ. ಈಗ ಅವಳು ಇಲ್ಲಿನ ರಾಜ್ಯ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಯಾವ ಪ್ರೊಫೆಸರ್ ಬಾಗಿಲನ್ನಾದರೂ ತಟ್ಟಿ ಒಳಗೆ ಹೋಗುತ್ತಾಳೆ. ಅದನ್ನು ನೋಡಿದರೆ ನನಗೆ ಅವಳ ಮಾರ್ಕ್ಸಿಗಿಂತ ಹೆಚ್ಚು ಹೆಮ್ಮೆ.

ಆದ್ದರಿಂದ ನೀವು ಪುಸ್ತಕ ಕೊಳ್ಳುವ ಮುಂಚೆಯೇ ಮಗನನ್ನು ಬಲ್ಲ ಹೊರಗಿನ ಜನರನ್ನು ಹುಡುಕಿ. ಸಾರ್ವಜನಿಕ ಲೈಬ್ರರಿಯಲ್ಲಿ ಸ್ವಯಂಸೇವೆ, ರೋಬೋಟಿಕ್ಸ್ ತಂಡ, ವಾದ್ಯವೃಂದ, ಹೋಮ್‌ಸ್ಕೂಲಿಂಗ್ ಮಾಡುವ ಮನೆಗಳು ಸೇರಿ ನಡೆಸುವ ಕ್ಲಾಸುಗಳು, ಯಾವುದಾದರೂ ಸರಿ. ಊರು ಬದಲಾದರೆ ಈ ಪರಿಚಯಗಳನ್ನು ಮೇಲ್‌ನಲ್ಲಾದರೂ ಉಳಿಸಿಕೊಳ್ಳಲು ಮಗನಿಗೆ ಹೇಳಿಕೊಡಿ. ಹತ್ತು ಕಡೆ ಸೇರಿಸಬೇಡಿ. ಒಂದೆರಡು ಕಡೆ ಎರಡು ಮೂರು ವರ್ಷ ಬಿಡದೆ ಹೋಗಲಿ. ಹನ್ನೊಂದನೇ ಕ್ಲಾಸಿನಲ್ಲಿ ಕಮ್ಯುನಿಟಿ ಕಾಲೇಜಿನ ಡ್ಯುಯಲ್ ಕ್ರೆಡಿಟ್‌ಗೆ ಸೇರಿಸಿ, ಅಲ್ಲಿ ಓದಿದ್ದು ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುತ್ತದೆ. ಎಚ್-4ನಲ್ಲಿ, ಅಂದರೆ ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಬಂದವರ ಮನೆಯವರಿಗೆ ಕೊಡುವ ವೀಸಾದಲ್ಲಿ, ಓದಲು ಅಡ್ಡಿಯಿಲ್ಲ. ಆದರೆ ಅಲ್ಲಿ ಬಂದ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಹಾಗಾಗಿ ಮೊದಲ ಸಲ ಒಂದೇ ವಿಷಯ ಸಾಕು. ಕ್ಲಾಸ್ ಮುಗಿದ ಮೇಲೆ ಐದು ನಿಮಿಷ ನಿಂತು ಮಾತಾಡಿ ಬಾ ಅಂತ ನೀವೇ ಹೇಳಿ ಕಳಿಸಿ. ಹೇಳದಿದ್ದರೆ ನಮ್ಮ ಮಕ್ಕಳು ಮಾಡುವುದಿಲ್ಲ.

ಕಾಲೇಜಿನವರು ಸೇರಿಸಿಕೊಳ್ಳುತ್ತಾರೆ. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳು ಮನೆಯಲ್ಲಿ ಓದಿದವರನ್ನೂ ಬೇರೆಯವರ ಹಾಗೆಯೇ ನೋಡಬೇಕು ಅಂತ ಅಲ್ಲಿ ಕಾನೂನೇ ಇದೆ. ನಿಮಗೆ ಕಷ್ಟವಾಗುವುದು ದುಡ್ಡಿನದು. ಎಚ್-4 ಮಕ್ಕಳಿಗೆ ಫಾಫ್ಸಾ ಅನ್ನುವ ಅರ್ಜಿಯ ಮೂಲಕ ಸಿಗುವ ಕೇಂದ್ರ ಸರ್ಕಾರದ ನೆರವು ಇಲ್ಲ. ಸಂಬಳದ ಕೆಲಸವನ್ನೂ ಮಾಡುವ ಹಾಗಿಲ್ಲ. ಗ್ರೀನ್ ಕಾರ್ಡ್ ಬರದಿದ್ದರೆ 21 ತುಂಬಿದಾಗ ಎಚ್-4 ಮುಗಿಯುತ್ತದೆ, ಅಷ್ಟರೊಳಗೆ ಎಫ್-1 ಅನ್ನುವ ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಈ ವಿಷಯವನ್ನು ಈಗಲೇ ವಕೀಲರ ಹತ್ತಿರ ಮಾತಾಡಿ.

ವಾಪಸ್ ಹೋಗುವುದು ನಿಜವಾಗಿಯೂ ತಲೆಯಲ್ಲಿದ್ದರೆ ಅಪ್ಪ-ಅಮ್ಮ ಸಹಿ ಹಾಕಿದ ಟ್ರಾನ್ಸ್‌ಕ್ರಿಪ್ಟ್ ನೆಚ್ಚಿಕೊಳ್ಳಬೇಡಿ. ಅಲ್ಲಿ ಮಾನ್ಯತೆ ಇರುವ ಬೋರ್ಡಿನ ಹನ್ನೆರಡನೇ ತರಗತಿ ಬೇಕು. ಮಾನ್ಯತೆ ಪಡೆದ ಆನ್‌ಲೈನ್ ಹೈಸ್ಕೂಲಿಗೆ, ಅದನ್ನು ಇಂಡಿಯಾದಲ್ಲಿ ಒಪ್ಪುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು, ಸೇರಿಸುವುದು ಅಥವಾ ಹೋದ ಮೇಲೆ ಎನ್‌ಐಒಎಸ್‌ನಲ್ಲಿ (ಕೇಂದ್ರ ಸರ್ಕಾರದ ಮುಕ್ತ ಶಾಲಾ ಬೋರ್ಡು) ಪರೀಕ್ಷೆ ಬರೆಸುವುದು, ಈ ಎರಡು ದಾರಿ ಯೋಚಿಸಿ.

ಇಷ್ಟೆಲ್ಲ ಬರೆದಿದ್ದೀರಿ, ಆದರೆ ಮಗ ಏನು ಹೇಳುತ್ತಾನೆ ಅಂತ ಬರೆದಿಲ್ಲ. ಅವನಿಗೆ ಮನೆಯಲ್ಲಿ ಓದಲು ಇಷ್ಟ ಇದೆಯಾ? ಯಾವ ವಿಷಯ ಹಿಡಿದರೆ ಊಟ ಮರೆಯುತ್ತಾನೆ? ಅವನನ್ನೇ ಕೂರಿಸಿಕೊಂಡು ಕೇಳಿ ನನಗೆ ತಿಳಿಸಿ. ಒಂಬತ್ತನೇ ಕ್ಲಾಸಿಗೆ ಏನೇನು ಓದಿಸಬೇಕು, ಮೊದಲು ಯಾರ ಬಾಗಿಲು ತಟ್ಟಬೇಕು ಅನ್ನುವುದನ್ನು ಅದನ್ನು ನೋಡಿಕೊಂಡು ಬರೆಯುತ್ತೇನೆ.