ಆ ಆಲ್ಪೈನ್ ಮನುಷ್ಯ ಎಲ್ಲಿದ್ದಾನೆ?

ಪ್ರಿಯ ಲೇಖಕರೆ,

ಯುರೋಪಿನ ಜನರನ್ನು ತಲೆಯ ಆಕಾರ, ಮೈಕಟ್ಟು, ಬಣ್ಣ ನೋಡಿ ಜನಾಂಗಗಳಾಗಿ ವಿಂಗಡಿಸಿದ ಹಳೆಯ ವಾದದ ಬಗ್ಗೆ ನೀವು ಬರೆದ ಲೇಖನ ‘ಯುರೋಪಿನ ಮೂರು ಮುಖಗಳು’ ತಲುಪಿತು. ಓದು ವಿಸ್ತಾರವಾಗಿದೆ, ಭಾಷೆ ಚೊಕ್ಕವಾಗಿದೆ. ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಎರಡು ಸಲ ಓದಿದೆ; ಎರಡು ಸಲವೂ ಎರಡನೆಯ ಪುಟಕ್ಕೆ ಬಂದಾಗ ಸಿಟ್ಟು ನೆತ್ತಿಗೇರಿತು.

ಆ ಪುಟದ ಮೊದಲ ವಾಕ್ಯ: ‘ಆಲ್ಪೈನ್ ಮನುಷ್ಯನ ತಲೆ ದುಂಡಗಿರುತ್ತದೆ, ಮೈಕಟ್ಟು ಗಿಡ್ಡ, ಕೂದಲು ಕಂದು.’ ಇರುತ್ತದೆ ಎಂದವರು ಯಾರು, ನೀವೇ? ಹಾಗೆಂದು 1899ರಲ್ಲಿ ಬರೆದವನು ವಿಲಿಯಂ ರಿಪ್ಲಿ, ಅಮೆರಿಕದ ಅರ್ಥಶಾಸ್ತ್ರಜ್ಞ. ಯುರೋಪಿನ ಜನರನ್ನು ಟ್ಯೂಟಾನಿಕ್, ಆಲ್ಪೈನ್, ಮೆಡಿಟರೇನಿಯನ್ ಎಂದು ಮೂರು ಪಾಲು ಮಾಡಿದವನು ಅವನು. ನಿಮ್ಮ ವಾಕ್ಯದಲ್ಲಿ ಅವನು ಕಾಣೆಯಾಗಿದ್ದಾನೆ. ಅವನ ಅಭಿಪ್ರಾಯ ಮಾತ್ರ ಸೂರ್ಯೋದಯದಷ್ಟು ಖಚಿತವಾಗಿ ಕೂತಿದೆ. ‘ಎಂದು ರಿಪ್ಲಿ ಬರೆದ’ ಎಂದು ಸೇರಿಸಲು ಮೂರೇ ಪದ ಸಾಕಿತ್ತು.

ಮುಂದಿನ ಸಾಲು: ‘ರಿಪ್ಲಿ ಗುರುತಿಸಿದ ನಾರ್ಡಿಕ್ ಜನ.’ ಉತ್ತರದ ಆ ಜನರನ್ನು ರಿಪ್ಲಿ ಕರೆದದ್ದು ಟ್ಯೂಟಾನಿಕ್ ಎಂದು; ನಾರ್ಡಿಕ್ ಅವನ ಪದವಲ್ಲ, ಪ್ಯಾರಿಸಿನ ಮಾನವಶಾಸ್ತ್ರಜ್ಞ ಜೋಸೆಫ್ ಡೆನಿಕರ್‌ನದು. ಹೆಸರು ತಪ್ಪಿತು ಎಂಬುದಷ್ಟೇ ನನ್ನ ತಕರಾರಲ್ಲ. ಅದೇ ಕಾಲದಲ್ಲಿ, ಅದೇ ಖಂಡದಲ್ಲಿ ಡೆನಿಕರ್ ಆರು ಮುಖ್ಯ, ನಾಲ್ಕು ಉಪ ಜನಾಂಗಗಳನ್ನು ಎಣಿಸಿದ. ಮೂರೋ ಹತ್ತೋ ಎಂಬ ಈ ಜಗಳವೇ ನಿಮ್ಮ ವಿಷಯದ ಜೀವ. ಅದನ್ನು ಒಂದೇ ಹೆಸರಿನಡಿ ಹೂತುಬಿಟ್ಟಿದ್ದೀರಿ.

‘ಸೂಚ್ಯಂಕ 80 ದಾಟಿದರೆ ದುಂಡುತಲೆ.’ ಇದನ್ನು ಬರೆಯುವ ಮುನ್ನ ಒಮ್ಮೆಯಾದರೂ ಲೆಕ್ಕ ಹಾಕಿದ್ದಿರಾ? ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಉದ್ದ 185 ಮಿಲಿಮೀಟರ್ ಎಂದುಕೊಳ್ಳಿ. ಅಗಲ 149 ಆದರೆ 80.5, 147 ಆದರೆ 79.5. ಎರಡೇ ಮಿಲಿಮೀಟರ್! ಕ್ಯಾಲಿಪರ್ ಹಿಡಿದ ಕೈ ತುಸು ಬಿಗಿಯಾದರೆ ಮನುಷ್ಯನ ಗುಂಪೇ ಬದಲಾಗುತ್ತದೆ.

ಇನ್ನು ಆ ‘ಆಲ್ಪೈನ್ ಮನುಷ್ಯ’ ಎಂಬ ಏಕವಚನ. ಜರ್ಮನಿಯ ಬಾಡೆನ್‌ನಲ್ಲಿ ಸೈನ್ಯಕ್ಕೆ ಬಂದ ಸಾವಿರಾರು ಯುವಕರ ತಲೆ ಅಳೆದಿದ್ದ ಒಟ್ಟೊ ಅಮ್ಮೋನ್‌ನ ಬಳಿಯೂ ಅಪ್ಪಟ ಆಲ್ಪೈನ್ ಮಾದರಿಯ ಫೋಟೊ ಒಂದೂ ಇರಲಿಲ್ಲ. ದುಂಡುತಲೆಯವರಲ್ಲಿ ಒಬ್ಬನ ಕೂದಲು ಹೊಂಬಣ್ಣ, ಇನ್ನೊಬ್ಬ ಎತ್ತರ, ಮತ್ತೊಬ್ಬನ ಮೂಗು ನೀಳ. ಇದನ್ನು ದಾಖಲಿಸಿದವನು ಸ್ವತಃ ರಿಪ್ಲಿ. ಅವನಿಗೇ ಸಿಗದ ಮನುಷ್ಯನನ್ನು ನೀವು ಎಲ್ಲಿಂದ ಕರೆತಂದಿರಿ?

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಚಳ್ಳಕೆರೆ ಕಡೆಯ ಕಂಬಳಿ ನೇಕಾರರ ಬಗ್ಗೆ ಬರೆದಿದ್ದೆ. ‘ಇವರು ಮುಗ್ಧರು, ವ್ಯವಹಾರ ತಿಳಿಯದವರು’ ಎಂಬ ಮಾತನ್ನು ಬ್ರಿಟಿಷರ ಕಾಲದ ಹಳೆಯ ಪುಸ್ತಕವೊಂದರಿಂದ ಎತ್ತಿ, ನನ್ನದೇ ಎಂಬಂತೆ ಇಳಿಸಿದ್ದೆ. ಹಿರಿಯ ಉಪಸಂಪಾದಕರು ‘ಇವರು’ ಎಂಬುದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ‘ಯಾರು ಹೇಳಿದ್ದು? ಯಾವಾಗ?’ ಎಂದು ಪಕ್ಕದಲ್ಲಿ ಬರೆದು, ಬಸ್ಸಿನ ದುಡ್ಡು ಕೊಟ್ಟು ಕಳಿಸಿದರು. ಅಲ್ಲಿ ಮಗ್ಗದ ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಿದ್ದ ಮುದುಕರೊಬ್ಬರು ಕೈ ನಿಲ್ಲಿಸದೆ ಉಣ್ಣೆಯ ದರ, ಸಾಲದ ಬಡ್ಡಿ, ಸೊಲ್ಲಾಪುರದ ವರ್ತಕ ಉಳಿಸಿಕೊಂಡ ಬಾಕಿ, ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಒಪ್ಪಿಸಿದರು. ವಾಪಸು ಬರುವ ಬಸ್ಸಿನಲ್ಲಿ ನನ್ನ ಲೇಖನವನ್ನು ನಾನೇ ಹರಿದೆ.

ಕೊನೆಯ ಪುಟದಲ್ಲಿ ‘ಮುಂದೆ ಬೋವಾಸ್ ಕೆಲವು ಆಕ್ಷೇಪ ಎತ್ತಿದರು’ ಎಂದಿದ್ದೀರಿ. ಇಷ್ಟೇನಾ? ಅಮೆರಿಕದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ 1908ರಿಂದ 1910ರವರೆಗೆ ನ್ಯೂಯಾರ್ಕಿನಲ್ಲಿ ಸುಮಾರು 18,000 ವಲಸಿಗರನ್ನೂ ಅವರ ಮಕ್ಕಳನ್ನೂ ಅಳೆಸಿದರು. ಪೂರ್ವ ಯುರೋಪಿನ ಯಹೂದಿಗಳದು ದುಂಡುತಲೆ. ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳ ತಲೆ ಉದ್ದಕ್ಕೆ ತಿರುಗಿತ್ತು. ಸಿಸಿಲಿಯವರದು ನೀಳತಲೆ, ಅವರ ಮಕ್ಕಳಲ್ಲಿ ಅದು ದುಂಡಗಾಗುತ್ತಿತ್ತು. ಬದಲಾಗುವುದೇ ಇಲ್ಲ ಎಂದು ನಂಬಿದ್ದ ಅಳತೆಯೇ ಒಂದು ತಲೆಮಾರಿನಲ್ಲಿ ಅಲುಗಾಡಿತು. ಅದಾದ ಮೇಲೂ, ಇಂಥ ವಿಂಗಡಣೆಯ ಪ್ರಭಾವದಲ್ಲೇ, 1924ರಲ್ಲಿ ಅಮೆರಿಕ ದಕ್ಷಿಣ ಮತ್ತು ಪೂರ್ವ ಯುರೋಪಿನವರಿಗೆ ವಲಸೆಯ ಬಾಗಿಲು ಬಹುಪಾಲು ಮುಚ್ಚಿತು. ನಿಮ್ಮ ಲೇಖನದಲ್ಲಿ ಇದಕ್ಕೆ ಅರ್ಧ ವಾಕ್ಯವೂ ಸಿಕ್ಕಿಲ್ಲ.

ಎರಡನೆಯ ಪುಟವನ್ನು ಪೂರ್ತಿ ತೆಗೆದುಹಾಕಿ, ಅಮ್ಮೋನ್‌ಗೆ ಸಿಗದ ಆ ಫೋಟೊದಿಂದಲೇ ಆರಂಭಿಸಿ. ಪ್ರತಿ ‘ಇರುತ್ತದೆ’ಯ ಪಕ್ಕದಲ್ಲಿ ಅದನ್ನು ಹೇಳಿದವನ ಹೆಸರು ಬರೆಯಿರಿ, ಹೆಸರು ಸಿಗದಿದ್ದರೆ ವಾಕ್ಯವನ್ನೇ ಹೊಡೆದುಹಾಕಿ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ