ಭಜನೆ, ಹಾಡು, ನಾಟಕಗಳಿಂದ ಆರೋಗ್ಯಕ್ಕೆ ನಿಜವಾಗಿಯೂ ಪ್ರಯೋಜನವಿದೆಯೇ?

ಇದೆ, ಆದರೆ ಅವು ಔಷಧಕ್ಕೆ ಬದಲಿಯಲ್ಲ. ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ ಆರು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 14 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ತಿಂಗಳಿಗೊಮ್ಮೆಯಾದರೂ ನಾಟಕ, ಸಂಗೀತ ಕಚೇರಿ, ವಸ್ತುಸಂಗ್ರಹಾಲಯಗಳಿಗೆ ಹೋಗುತ್ತಿದ್ದವರಲ್ಲಿ ಸಾವಿನ ಅಪಾಯ ಶೇ 31ರಷ್ಟು ಕಡಿಮೆ ಕಂಡುಬಂದಿತು. ಕಲೆಯೇ ಕಾರಣವೆಂದು ಇದರಿಂದ ಸಾಬೀತಾಗದು.

ಬಾಗಲಕೋಟೆ ಸುತ್ತಿನ ಹಳ್ಳಿಗಳ ಭಜನಾ ಮೇಳವನ್ನೇ ನೋಡಿ: ಪಲ್ಲವಿಯನ್ನು ಎಳೆದು ಹಾಡುವಾಗ ಉಸಿರು ದೀರ್ಘವಾಗಿ ಹೊರಹೋಗಿ ಎದೆಬಡಿತ ನಿಧಾನಗೊಳ್ಳುತ್ತದೆ; ಕೈಯಲ್ಲಿ ತಾಳ, ಬಾಯಲ್ಲಿ ಪದ ಒಟ್ಟಿಗೆ ಸಾಗಬೇಕಾದ್ದರಿಂದ ಮನೆಯ ಚಿಂತೆ ತುಸು ಹೊತ್ತು ಹಿಂದೆ ಸರಿಯುತ್ತದೆ. ಇದಕ್ಕಿಂತ ದೊಡ್ಡ ಲಾಭವೆಂದರೆ, ನನ್ನ ಅಭಿಪ್ರಾಯದಲ್ಲಿ, ಹಿರಿಯರೊಬ್ಬರು ಎರಡು ಸೋಮವಾರ ಗುಡಿಗೆ ಬಾರದಿದ್ದರೆ ಮೇಳದವರು ಯಾರಾದರೂ ಹೋಗಿ ಅವರ ಮನೆಯ ಕದ ತಟ್ಟುತ್ತಾರೆ.